ಹೊನ್ನಪ್ಪ ಹಗೇವಿಗೆ ಇಳಿದ ದಿನ

ಶ್ರೀರಂಗಪಟ್ಟಣ
ಪರಿಧಾವಿ ಸಂವತ್ಸರ, ಆಷಾಢ ಬಹುಳ ದಶಮಿ

ಹೊಸಹೊಳಲಿನಲ್ಲಿರುವ ತಂಗಿ ದ್ಯಾವಮ್ಮನಿಗೆ ಅಣ್ಣ ಮಂಚಯ್ಯ ಮಾಡುವ ಆಶೀರ್ವಾದ.

ನಾನು ಕ್ಷೇಮ. ಕಾಗದ ತಡವಾಯಿತು, ತಪ್ಪು ನನ್ನದೇ. ಮೊದಲೆಲ್ಲ ನಿನ್ನ ಹೆಸರಿನ ಹಿಂದೆ ಸೌಭಾಗ್ಯವತಿ ಎಂದು ಬರೆಸುತ್ತಿದ್ದೆ. ಈ ಸಲ ಅಲ್ಲಿಗೆ ಬಂದರೆ ಕೈ ನಿಂತುಬಿಡುತ್ತಿತ್ತು. ನಾಲ್ಕು ಸಲ ಹರಿದುಹಾಕಿದೆ. ಬರೆಯುವವರನ್ನೂ ಕರೆಯಲಿಲ್ಲ. ಸೊಟ್ಟಪಟ್ಟವಾದರೂ ಇದು ನನ್ನದೇ ಅಕ್ಷರ.

ನೇಗಿಲ ಹಿಂದೆ ನಡೆಯುತ್ತಿದ್ದವನು ಊರ ಪಟೇಲನಾದೆ. ಈಗ ಪಟ್ಟಣದ ಕಚೇರಿಯಲ್ಲಿ ನಮ್ಮ ಸೀಮೆಯ ರೈತರ ಪರವಾಗಿ ಮಾತಾಡಲು ಕೂರಿಸಿದ್ದಾರೆ. ದಂಡು ತುಳಿದ ಹೊಲಗಳಿಗೆ ಈ ವರ್ಷ ಕಂದಾಯ ಬಿಡಿಸಿದೆ. ರುಮಾಲು ಕಟ್ಟಿಕೊಂಡು ಹೋದರೆ ಎದ್ದು ನಿಲ್ಲುವವರೂ ಇದ್ದಾರೆ. ಹಿಗ್ಗಬೇಕಾದ ಹೊತ್ತು, ಆದರೆ ಹಿಗ್ಗಲಾರೆ.

ಮೊನ್ನೆ ನಿನ್ನ ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮ ಬಂದಿದ್ದಳು. "ನಾಗರ ಪಂಚಮಿಗೆ ಅಣ್ಣ ಬರ್ಲೇಬೇಕಂತೆ, ಬೆನ್ನಿಗೆ ಆಲು ಎರೀಬೇಕು ಅಂತ ದ್ಯಾವಿ ಯೋಳವ್ಳೆ" ಅಂದಳು. ಹೋದ ವರ್ಷ ಹಗೇವಿನಲ್ಲಿ ಸತ್ತ ನಿನ್ನ ಗಂಡ ಹೊನ್ನಪ್ಪನ ಮಾತೂ ಬಂತು. "ಅಣ್ಣ ದಂಡಿಗೆ ರಾಗಿ ಕೊಟ್ಟು ಊರು ಉಳಿಸ್ದ, ನನ್ ಗಂಡ ಆತುರ ಪಟ್ಟು ಇಳ್ದು ಸತ್ತ" ಎಂದು ನೀನೇ ಎಲ್ಲರಿಗೂ ಹೇಳುತ್ತೀಯಂತೆ. ಕೇಳಿ ತಲೆ ಎತ್ತಲಾಗಲಿಲ್ಲ.

ನೆಲದೊಳಗೆ ರಾಗಿ ತುಂಬಿ ಮುಚ್ಚಿದ ಗುಂಡಿ ಅದು. ಬಾಯಿ ತೆಗೆದ ಮೇಲೆ ಒಂದು ದಿನ ಹಾಗೇ ಬಿಡಬೇಕು, ಒಳಗಿನ ಗಾಳಿ ಆಳನ್ನು ಕೊಲ್ಲುತ್ತದೆ ಎಂದು ಅಪ್ಪ ನಮ್ಮಿಬ್ಬರಿಗೂ ಹೇಳಿದ್ದ. ಹೊನ್ನಪ್ಪನಿಗೂ ಗೊತ್ತಿತ್ತು.

ಮೇಲುಕೋಟೆ ಚೆಲುವರಾಯ ನಿನ್ನನ್ನು ಕಾಯಲಿ. ವೇಳೆಗೆ ಸರಿಯಾಗಿ ಉಣ್ಣು, ಮೈ ನೋಡಿಕೋ.

ನಿನ್ನ ಅಣ್ಣ,
ಮಂಚಯ್ಯ

ಮತ್ತೆ ಬರೆದದ್ದು: ದ್ಯಾವಿ, ಮೇಲೆ ಸುತ್ತಿ ಬಳಸಿ ಬರೆದುಬಿಟ್ಟೆ. ಅಂದು ಹಗೇವಿನ ಬಾಯಿ ತೆಗೆದ ಕೂಡಲೇ ಹಗ್ಗಕ್ಕೆ ದೀಪ ಕಟ್ಟಿ ಒಳಗೆ ಇಳಿಬಿಟ್ಟೆವು. ಅರ್ಧ ದಾರಿಗೇ ಆರಿಹೋಯಿತು. "ನಾಳೀಕ್ ಇಳೀತೀನಿ ಕಣ್ ಬಾವ" ಅಂದ ಹೊನ್ನಪ್ಪ. ದಂಡಿನವರೂ ನಾಳೆ ಕೊಟ್ಟರೆ ಸಾಕು ಎಂದಿದ್ದರು. ಸಂಜೆಯೊಳಗೆ ಗಾಡಿ ತುಂಬಿಸುತ್ತೇನೆ ಎಂದು ಅವರ ಮುಂದೆ ಜಂಬ ಕೊಚ್ಚಿದವನು ನಾನು. "ಗಾಳಿಗೆ ಆರ್ತು ಕಣ್ಲಾ, ಇಳಿ" ಅಂದೆ. ಅಂದು ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವನು ನನ್ನ ಮಾತು ಮೀರಿದವನಲ್ಲ, ಇಳಿದ. ಈ ಕಾಗದವನ್ನು ನಿನಗೆ ಶಾನುಭೋಗರು ಜಗಲಿಯಲ್ಲಿ ಗಟ್ಟಿಯಾಗಿ ಓದುತ್ತಾರೆ, ಊರೆಲ್ಲ ಕೇಳುತ್ತದೆ ಎಂದು ಗೊತ್ತಿದ್ದೇ ಬರೆದೆ. ಪಂಚಮಿಗೆ ಬರಲೋ ಬೇಡವೋ, ನೀನೇ ಹೇಳಿ ಕಳಿಸು.