ಸರದಾರನ ತಿರುಗಾಟದ ಲೆಕ್ಕ

ಚಿಗರಿ ಬಯಲು,
ಫೆಬ್ರವರಿ ಮೂವತ್ತು, ೨೧೮೪

ನೂರೈವತ್ತು ವರ್ಷ ಹಿಂದಿರುವ ಹಿರಿಯರಿಗೆ, ಕುರಿಗಾರ ಮಾಳಿಂಗಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಅನ್ಯಾಯವಾಗಿದೆಯೆಂದು ನಮ್ಮ ಕಾಲದವರು ಅದಕ್ಕೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದು ಊರ ಶಾಲೆಯಲ್ಲಿ, ಐದನೆಯ ಇಯತ್ತೆಯವರೆಗೆ. ಆದರೂ ಈ ಬಯಲಿನಲ್ಲಿ ನನ್ನಷ್ಟು ಚೆಂದ ಕಾಗದ ಬರೆಯುವವರು ಇನ್ನೊಬ್ಬರಿಲ್ಲ.

ನಾವು ಬೇಲಿಗಳನ್ನು ಕಿತ್ತು ಅರವತ್ತು ವರ್ಷವಾಯಿತು. ನಮ್ಮ ಕುರಿಗಳೂ ಚಿಗರಿಗಳೂ, ಅಂದರೆ ನೀವು ಕೃಷ್ಣಮೃಗ ಎನ್ನುವವೂ, ಒಂದೇ ಹುಲ್ಲು ಮೇಯ್ದು ಒಂದೇ ಹೊಂಡದ ನೀರು ಕುಡಿಯುತ್ತವೆ. ಹಾಗಾಗಿ ಒಂದರ ಬೇನೆ ಇನ್ನೊಂದಕ್ಕೆ ದಾಟುತ್ತದೆ. ಅದಕ್ಕೇ ಬಯಲಿಗೊಬ್ಬರು ಬೇನೆಗಣಿತದವರಿದ್ದಾರೆ. ನಮಗೆ ನನ್ನ ಅಕ್ಕನ ಮಗಳು ತಂಗೆವ್ವ. ಯಾವ ಹಿಂಡು ಎಲ್ಲಿ ನೀರು ಕುಡಿಯಿತು, ಯಾವ ಟಗರು ಎಲ್ಲಿಗೆ ಹೋಯಿತು ಎಂದು ಕೇಳಿ ಅವಳು ‘ಅಂಟುಸಂಖ್ಯೆ’ ತೆಗೆಯುತ್ತಾಳೆ: ಬೇನೆಬಿದ್ದ ಒಂದು ಕುರಿ ಇನ್ನೆಷ್ಟಕ್ಕೆ ಅಂಟಿಸುತ್ತದೆ ಎಂಬ ಲೆಕ್ಕ. ಅದು ಒಂದಕ್ಕಿಂತ ಕೆಳಗಿಳಿದರೆ ಬೇನೆ ತಾನಾಗಿ ಆರುತ್ತದೆ, ಮೇಲೇರಿದರೆ ಹಬ್ಬುತ್ತದೆ. ಈ ಬುದ್ಧಿ ಅವಳಿಗೆ ಸೋದರಮಾವನ ಕಡೆಯಿಂದ ಬಂದದ್ದು.

ಹೋದ ತಿಂಗಳು ಹೊಂಡದ ಬಳಿ ಎರಡು ಚಿಗರಿ ಬಾಯೆಲ್ಲ ಹುಣ್ಣಾಗಿ, ಹಿರೇಬೇನೆಯೆಂಬ ಅಂಟುರೋಗದಿಂದ ಸತ್ತವು. ವಾರದೊಳಗೆ ನನ್ನ ಟಗರು ಸರದಾರನ ಬಾಯಲ್ಲೂ ಅದೇ ಹುಣ್ಣು. ನಮ್ಮಲ್ಲಿ ಒಳ್ಳೆಯ ಟಗರನ್ನು ತಳಿಗೆಂದು ಹಿಂಡಿನಿಂದ ಹಿಂಡಿಗೆ ಕಳಿಸುವುದು ರೂಢಿ. ಎಷ್ಟು ಹಿಂಡಿನವರು ಕೇಳಿ ಒಯ್ದರೋ ಒಡೆಯನಿಗೆ ಅಷ್ಟು ಮರ್ಯಾದೆ. ತಂಗೆವ್ವ ಹತ್ತು ಮಂದಿಯ ಎದುರು ಕೇಳಿದಳು:

“ಮಾಮಾ, ಸರದಾರ ಈ ತಿಂಗಳ ಎಷ್ಟ ಹಿಂಡಿಗೆ ಹೋಗಿದ್ದ?”

“ಏಳು! ಕಮ್ಮಿ ಅಂದ್ರ ಏಳು!” ಎಂದೆ, ಮೀಸೆ ತಿರುವಿ. ದೂರದ ನಾಲ್ಕು ಹಿಂಡುಗಳ ಹೆಸರನ್ನೂ ಸೇರಿಸಿದೆ. ಆ ಹಿಂಡಿನವರ ಪೈಕಿ ಯಾರೂ ಅಲ್ಲಿರಲಿಲ್ಲ.

ಅವಳ ಬಳಿ ಇದ್ದದ್ದು ಮುನ್ನೂರು ಕುರಿಗಾಗುವಷ್ಟು ಲಸಿಕೆ. ಮಿಕ್ಕದ್ದು ಬರಲು ಹತ್ತು ದಿನ ಬೇಕು. ಏಳು ಹಿಂಡಿಗೆ ಎಲ್ಲಿ ಸಾಕು? ಲೆಕ್ಕ ಹಾಕಿ, ದೊಡ್ಡ ಹಿಂಡುಗಳಿಗೆ ಮೊದಲು ಎಂದು ಸರದಿ ಓದಿದಳು. ಎಂಬತ್ತು ಕುರಿಯ ಅವಳವ್ವನ ಹಿಂಡು ಕೊನೆಗೆ ಬಂತು. ಓದುವಾಗ ದನಿ ಬದಲಾಗಲಿಲ್ಲ. ಬೆರಳು ಮಾತ್ರ ಸೆರಗಿನ ತುದಿ ಸುತ್ತುತ್ತಿತ್ತು. ಸರದಾರ ಹನ್ನೆರಡು ದಿನ ಇದ್ದದ್ದು ಅದೇ ಹಿಂಡಿನಲ್ಲಿ. ಮೀಸೆಯಿಂದ ಕೈ ತೆಗೆದು ಹೇಳಿದೆ:

“ಆ ಲೆಕ್ಕ ಅಳಸವ್ವಾ ತಂಗೆವ್ವಾ. ಏಳಲ್ಲ, ಮೂರು.”

“ಖರೇನಾ?”

“ನನ್ನ ಮೀಸಿ ಆಣಿ.”

“ಮೀಸಿ ಬ್ಯಾಡ ಮಾಮಾ, ಸರದಾರನ ಆಣಿ ಮಾಡು.”

ಮಾಡಿದೆ. ಎಲ್ಲರೂ ನಕ್ಕರು, ಅಕ್ಕನೊಬ್ಬಳನ್ನು ಬಿಟ್ಟು. “ನಿನ್ನ ಬಡಾಯಿಗೆ ನನ್ನ ಕುರಿ ಬಲಿ ಕೊಡಾವಿದ್ದೇನೋ?” ಎಂದಳು.

ಮೂರು ಹಿಂಡಿಗೆ ಲಸಿಕೆ ಸಾಕಾಯಿತು. ಇನ್ನು ಒಂಬತ್ತು ಕುರಿಗೆ ಬಂದು ಬೇನೆ ನಿಲ್ಲುತ್ತದೆ ಎಂದು ತಂಗೆವ್ವ ಹೇಳಿದಳು. ಎಂಟಕ್ಕೆ ಬಂದು ನಿಂತಿತು. ಒಂದು ತಪ್ಪಿತಲ್ಲ ಎಂದು ಹಂಗಿಸಿದೆ. ಸರದಾರನೂ ಗುಣವಾಗಿ ಮತ್ತೆ ಕೊಂಬು ತೀಡುತ್ತಿದ್ದಾನೆ.

ಹಿರಿಯರೇ, ನಿಮ್ಮ ಕಾಲದ ಹಿಂಡುಗಳ ಓಡಾಟ ತಿಳಿದರೆ ತನ್ನ ಲೆಕ್ಕ ಇನ್ನೂ ಗಟ್ಟಿಯಾಗುತ್ತದೆ ಎನ್ನುತ್ತಾಳೆ ಹುಡುಗಿ. ಇವತ್ತಿನಿಂದಲೇ ಬರೆದಿಡಿ. ಮೀಸೆಯ ಬಗ್ಗೆ, ಮೊಮ್ಮಕ್ಕಳ ಬಗ್ಗೆ ಎಷ್ಟು ಬೇಕಾದರೂ ಕೊಚ್ಚಿಕೊಳ್ಳಿ. ಟಗರು ಹೋದ ಹಿಂಡುಗಳನ್ನು ಮಾತ್ರ ಹೋದಷ್ಟೇ ಬರೆಯಿರಿ. ಅವಳ ಪುಸ್ತಕದಲ್ಲಿ ನಾನೇ ಕೈಯಾರೆ ಬರೆದಿದ್ದೇನೆ: ಸರದಾರ, ಹಿಂಡು ಮೂರು.

ಅಂಕಿಯನ್ನು ಕೊಂಚ ದೊಡ್ಡದಾಗಿ ಬರೆದೆ, ಅಷ್ಟೇ.

ಇನ್ನೂ ಹುಟ್ಟಬೇಕಾದ ನಿಮ್ಮವ,
ಮಾಳಿಂಗಪ್ಪ