ನಿಮ್ಮಣ್ಣನ ಹೊಟ್ಟೆಯ ನೀರು

ಊರಿಗಾಂ
೬-೨-೧೯೮೯

ಪ್ರೀತಿಯ ಮೈದುನ ಚಿಕ್ಕಮುನಿಯಪ್ಪನಿಗೆ ಅತ್ತಿಗೆಯ ಆಶೀರ್ವಾದಗಳು.

ಕ್ಷೇಮವೇ ಎಂದು ಕೇಳುವುದು ರೂಢಿ. ಹೋದ ಮಳೆಗಾಲದಲ್ಲಿ ಗಣಿಯೊಳಗೆ ಕಲ್ಲು ಸಿಡಿದು ಅಲ್ಲೇ ಉಳಿದುಹೋದವನನ್ನು ಏನೆಂದು ಕೇಳಲಿ? ನಿನ್ನ ದೇಹವೂ ನಮಗೆ ಸಿಗಲಿಲ್ಲ. ಕೆಳಗೆ ಸೆಕೆ ತಡೆಯಲಾಗುವುದಿಲ್ಲ, ಬನಿಯನ್ ಹಿಂಡಿದರೆ ನೀರು ಬರುತ್ತದೆ ಎಂದು ನಗುತ್ತಿದ್ದೆ. ಈಗಲಾದರೂ ತಂಪಾಗಿದ್ದೀಯಾ? ನಮ್ಮೂರು ಬೂದಿಕೋಟೆಯಲ್ಲಿ ನಿನ್ನ ಎಮ್ಮೆ ಕರು ಹಾಕಿದೆ. ಕರುವೂ ನಿನ್ನ ಹಾಗೇ ಮೊಂಡು, ಕಟ್ಟಿದ ಕಡೆ ನಿಲ್ಲುವುದಿಲ್ಲ.

ನಿಮ್ಮಣ್ಣನ ವಿಷಯಕ್ಕೆ ಬರುತ್ತೇನೆ. ನೀನು ಹೋದ ಮೇಲೆ ಅವರಿಗೆ ಜ್ವರ, ಭೇದಿ ಶುರುವಾಯಿತು. ಜ್ವರ ಬಿಟ್ಟಿತು, ಭೇದಿ ಇವತ್ತಿಗೂ ನಿಂತಿಲ್ಲ. ಕಣ್ಣು ಗುಳಿ ಬಿದ್ದಿವೆ, ಪಂಚೆ ಸೊಂಟದಲ್ಲಿ ನಿಲ್ಲುವುದಿಲ್ಲ. ಗಣಿಯೊಳಗೆ ನಿಮ್ಮಿಬ್ಬರಿಗೂ ಇದ್ದದ್ದು ಒಂದೇ ನೀರಿನ ಕ್ಯಾನು. ಆವತ್ತು ಇವರು ಮೊದಲು ಮೇಲೆ ಬಂದರು, ಕ್ಯಾನೂ ಇವರ ಹೆಗಲಲ್ಲೇ ಬಂತು. ಆಮೇಲೆ ಕಲ್ಲು ಸಿಡಿಯಿತು. ಅದನ್ನೇ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ. “ಅವ್ನಿಗೆ ದಾಹ ಕಣೇ. ನನ್ ಒಟ್ಟೇಲಿರೋ ನೀರ್ನ ಅವ್ನು ಕುಡೀತಾವ್ನೆ. ಕುಡೀಲಿ ಬುಡು” ಎನ್ನುತ್ತಾರೆ. ನಾನು ಅತ್ತರೂ ಅಷ್ಟೇ, ಬೈದರೂ ಅಷ್ಟೇ.

ಬಂಗಾರಪೇಟೆಯ ಡಾಕ್ಟರಿಗೆ ತೋರಿಸಿದೆ. ಈಗ ಹುಳವೂ ಇಲ್ಲ, ಸೋಂಕೂ ಇಲ್ಲವಂತೆ. ನಮ್ಮ ಮೈಯಲ್ಲಿ ಕಾವಲಿನ ಕಣಗಳಿರುತ್ತವಂತೆ. ರೋಗಾಣು ಹೊಕ್ಕರೆ ಅವು ಏನೋ ರಸ ಬಿಟ್ಟು ಸುದ್ದಿ ಮುಟ್ಟಿಸುತ್ತವೆ. ಸುದ್ದಿ ಮುಟ್ಟಿದೊಡನೆ ಕರುಳಿನ ಒಳಪದರದ ಬೆಸುಗೆ ಸಡಿಲವಾಗಿ, ಮೈಯ ಉಪ್ಪೂ ನೀರೂ ಕರುಳೊಳಗೆ ಸುರಿದು ರೋಗಾಣುವನ್ನು ತೊಳೆದುಹಾಕುತ್ತವೆ. ಇವರಲ್ಲಿ ರೋಗಾಣು ಹೋಗಿ ಎಷ್ಟೋ ಕಾಲವಾಯಿತು, ಸುದ್ದಿ ಮಾತ್ರ ನಿಂತಿಲ್ಲ. “ಅಪಘಾತ ಮುಗಿದ ಮೇಲೂ ಸೈರನ್ ಕೂಗ್ತಾನೇ ಇದೆ ಅಂದ್ಕೊಳ್ಳಿ. ಈ ಮಾತ್ರೆ ಅದನ್ನ ನಿಲ್ಲಿಸುತ್ತೆ” ಎಂದರು. ನುಂಗದಿದ್ದರೆ ಯುಗಾದಿ ಕಾಣುವುದು ಕಷ್ಟ ಎಂದು ನನ್ನೊಬ್ಬಳನ್ನೇ ಹೊರಗೆ ಕರೆದು ಹೇಳಿದರು. ನಿಮ್ಮಣ್ಣ ಮಾತ್ರೆ ಮುಟ್ಟುವುದಿಲ್ಲ. “ಇದ್ನ ನುಂಗಿ ನೀರ್ ನಿಂತೋದ್ರೆ ಅವ್ನು ಏನ್ ಕುಡೀಬೇಕು?” ಎಂದು ನನ್ನನ್ನೇ ಕೇಳುತ್ತಾರೆ.

ನಾನು ಹೆದರುವವಳಲ್ಲ, ನಿನಗೇ ಗೊತ್ತು. ಆದರೂ ಈಗ ಅವರು ಹೊಟ್ಟೆ ಹಿಡಿದುಕೊಂಡು ಹಿತ್ತಿಲಿಗೆ ಹೋದಾಗಲೆಲ್ಲ, ಹಗಲಲ್ಲೇ, ಯಾರೋ ಗಟಗಟ ಕುಡಿಯುವ ಸದ್ದು ಕೇಳಿಸುತ್ತದೆ. ಭಯವಾಗುತ್ತದೆ ಕಣಪ್ಪ. ನಿನ್ನ ಮೇಲೆ ಸಿಟ್ಟೂ ಬರುತ್ತದೆ. ಅವರನ್ನು ಬಿಟ್ಟುಬಿಡು. ಬಾಯಾರಿದರೆ ನನ್ನನ್ನು ಕೇಳು. ಚಿಕ್ಕಂದಿನಲ್ಲಿ ನನ್ನನ್ನೇ ಅಲ್ಲವೇ ಕೇಳುತ್ತಿದ್ದದ್ದು?

ಎಲ್ಲಿದ್ದರೂ ತಣ್ಣಗಿರು.

ನಿನ್ನ ಅತ್ತಿಗೆ,
ಗಂಗರತ್ನಮ್ಮ

ಹೇಳಲು ಮರೆತೆ: ನಿನ್ನೆ ಸಂಜೆ ನಿನ್ನ ಹೆಸರು ಹೇಳಿ ಬಾಗಿಲಾಚೆ ಒಂದು ಚೆಂಬು ನೀರಿಟ್ಟು, ತಟ್ಟೆ ಮುಚ್ಚಿ, ಮೇಲೆ ಗುಂಡುಕಲ್ಲು ಹೇರಿದ್ದೆ. ಬೆಳಿಗ್ಗೆ ಅವರು ಏಳುವ ಮುಂಚೆ ನಾನೇ ಚೆಲ್ಲಿ, ನೀನು ಕುಡಿದೆ ಎಂದು ತೋರಿಸೋಣ ಅಂತ. ಎದ್ದು ನೋಡಿದರೆ ಕಲ್ಲು ಇಟ್ಟ ಹಾಗೇ ಇದೆ, ಚೆಂಬು ಖಾಲಿ. ಒಳಗೆ ಒಂದು ಹನಿಯೂ ಇರಲಿಲ್ಲ. ಅವರಿಗೆ ತೋರಿಸಿದೆ. ಚೆಂಬನ್ನು ಮಗುಚಿ ನೋಡಿ ಮಾತ್ರೆ ನುಂಗಿದರು. ಇವತ್ತು ಮಜ್ಜಿಗೆ ಇಡುತ್ತೇನೆ, ನಿನ್ನ ಎಮ್ಮೆಯದೇ, ಊರಿಂದ ತರಿಸಿದ್ದು, ಉಪ್ಪು ಹಾಕಿ. ನಾಳೆಯೂ ಬಂದು ಕುಡಿದು ಹೋಗು.