ರೆನೆಯ ಹೆಸರಿನ ಮೇಲೊಂದು ಬಾಜಿ

ತಂಗಿ ಒಫೆಲಿಯಾ,

ರೊಸಾರಿಯೋದಲ್ಲಿ ನನ್ನನ್ನು ಸೋಲಿಸುವವರು ಇನ್ನೂ ಹುಟ್ಟಿಲ್ಲ. ಬಿಷಪ್ಪನೇ ಇಸ್ಪೀಟಿನಲ್ಲಿ ತನ್ನ ಉಂಗುರವನ್ನು ನನಗೆ ಸೋತಿದ್ದಾನೆ.

ನೀನು ತೀರಿಹೋದ ಮೇಲೆ ನಿನ್ನ ಮಗುವಿಗೆ ನಾನೇ ದಿಕ್ಕು. ಗಂಡೂ ಅಲ್ಲ, ಹೆಣ್ಣೂ ಅಲ್ಲ ಎಂದು ತಾನೇ ಹೆಸರು ಬದಲಿಸಿಕೊಂಡ ರೆನೆಗೆ ಮುಂದೊಂದು ದಿನ ಮಗು ಬೇಕಂತೆ. ಹಾರ್ಮೋನು ಚಿಕಿತ್ಸೆ ಶುರುವಾಗುವ ಮೊದಲೇ ಅಂಡಾಣು ತೆಗೆಸಿ ಕಾಪಿಡಬೇಕಂತೆ, ಅದಕ್ಕೇ ಹೋದೆವು. ಇಂದು ಆಸ್ಪತ್ರೆಯಲ್ಲಿ ನಾನು ಕೂರಲಾರದೆ, ಮಾಟೆ ಚಹಾ ಚೆಲ್ಲಿಕೊಂಡು ಓಡಾಡಿದೆ.

“ನಿಮ್ಮಮ್ಮ ಇಟ್ಟ ಹೆಸರಲ್ಲೇ ಕೂಗ್ತಾರೆ ನೋಡು, ಜೇಬಲ್ಲಿರೋದಷ್ಟೂ ಬಾಜಿ,” ಎಂದೆ.

“ಕೂಗಿದ್ರೆ ಎದ್ದು ಹೋಗ್ತೀನಿ ಮಾಮ, ಮತ್ತೆ ಬರಲ್ಲ.”

ನರ್ಸ್ ಬಂದು ಪಕ್ಕದಲ್ಲಿ ಕೂತಳು. “ನಿಮ್ಮನ್ನ ಏನಂತ ಕರೀಲಿ?”

ನಮ್ಮ ಮನೆಯಲ್ಲಿ ಆ ಪ್ರಶ್ನೆ ಎಂದೂ ಕೇಳಿಸಿರಲಿಲ್ಲ.

“ರೆನೆ,” ಎಂದು ಮಗು ಎದ್ದು ಒಳಗೆ ಹೋಯಿತು.

ಸೋತದ್ದು ನೂರು ಪೆಸೊ ಎಂದು ಬೀದಿಗೆಲ್ಲ ಹೇಳಿದ್ದೇನೆ. ನಿನಗೆ ಮಾತ್ರ ನಿಜ ಹೇಳುತ್ತೇನೆ: ನಲವತ್ತು ಸಾವಿರ. ಜೇಬಲ್ಲಿ ಇನ್ನೂ ಇದ್ದಿದ್ದರೆ ಅದನ್ನೂ ಬಾಜಿ ಕಟ್ಟಿ ಸೋಲುತ್ತಿದ್ದೆ.